ಹದಿನೇಳನೆಯದು

ಮುಡಿದು ಬರಬೇಡ ಎಂದಿದ್ದರು ಮೊದಲ ದಿನವೇ.
ಮಲ್ಲಿಗೆ, ಪೌಡರು, ಹರಳೆಣ್ಣೆ, ಯಾವುದೂ ಬೇಡ.
ನಿನಗಿಂತ ಮೊದಲು ನಿನ್ನ ವಾಸನೆ ಬಾಗಿಲು ದಾಟುತ್ತದೆ,
ಇಲಿಗಳು ಅದನ್ನೇ ಓದುತ್ತವೆ.

ಹೆಬ್ಬಾಳದ ಆಚೆ, ಮೂರನೆಯ ಮಹಡಿ, ಕಿಟಕಿಯಿಲ್ಲದ ಕೋಣೆ.
ಮೊಣಕಾಲೆತ್ತರಕ್ಕೆ ಕೂಡಿಸುವ ಗುರುತಿನಂಥ ಹಲಗೆ.
ಎರಡು ತೋಳಿಗೆ ಗೋಡೆ, ಎರಡಕ್ಕೆ ಇಲ್ಲ.
ಒಂದೊಂದು ಇಲಿಗೂ ಐದು ನಿಮಿಷ.
ಗೋಡೆಯಿಲ್ಲದ ಕಡೆ ಕಳೆದ ಸೆಕೆಂಡುಗಳನ್ನಷ್ಟೇ
ಪರದೆಯ ಹಿಂದೆ ಕೂತು ಎಣಿಸುತ್ತೇನೆ.
ಧೈರ್ಯ ಎನ್ನುವಂತಿಲ್ಲ ಅದಕ್ಕೆ,
ಆ ಪದಕ್ಕೆ ನಮ್ಮ ಹಾಳೆಯಲ್ಲಿ ಕಾಲಮ್ಮಿಲ್ಲ.

ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ,
ನಾವು ಇಲಿ ಅಗೆದು ಬೆಟ್ಟ ಹುಡುಕೋರು
ಎಂದು ನಗುತ್ತಾನೆ ಬೋನು ತೊಳೆಯುವ ಗೌಸ್‌ಪೀರ್.

ಪೆಪ್ಟೈಡ್ ಅಂದರೇನು ಎಂದು ಕೇಳಿದಾಗ
ಇಂಪನಾ ಮೇಡಂ ನನ್ನ ಕರಿಮಣಿಯನ್ನೇ ಎತ್ತಿ ತೋರಿಸಿದ್ದರು.
ಪೋಣಿಸಿದ ಮಣಿ, ಅಷ್ಟೆ.
ನಲವತ್ತೊಂದು ಮಣಿಯದೊಂದು ಇದೆ, ಅಂಜಿಸುತ್ತೆ.
ಮೂವತ್ತಾರರದ್ದು ತಲೆ ನೇವರಿಸುತ್ತೆ.
ಇಷ್ಟು ಸಲೀಸಲ್ಲ ಬಿಡು, ಎಂದೂ ಸೇರಿಸಿದರು.
ಅಂದು ಸಂಜೆ ರಾಜಾ ಮಾರ್ಕೆಟ್ಟಿನಲ್ಲಿ
ಮೂವತ್ತಾರು ಕೊಡಿ ಅಂದೆ, ಬಿಳಿಯದು.
ಎಣಿಸಿ ಮಾರಲ್ಲಮ್ಮ, ತೂಕ, ಅಂದ.

ನನ್ನದೊಂದಿದೆ, ಯಾರಿಗೂ ಹೇಳಿಲ್ಲ.
ಮೂರು ವರ್ಷವಾಯಿತು ಮೇಲ್ಸೇತುವೆ ಹತ್ತಿ.
ಸ್ಕೂಟರು ಏರು ಮುಟ್ಟಿದ್ದೇ ತಡ
ಪಕ್ಕದ ಗೋಡೆ ಕುಗ್ಗುತ್ತ ಕುಗ್ಗುತ್ತ ಕಾಗದವಾಗುತ್ತದೆ,
ಅಂಗೈ ಒದ್ದೆ, ನಾಲಗೆ ಅಂಟು,
ಕೆಳಗಿನ ರೈಲುಹಳಿ ಹೆಸರು ಹಿಡಿದು ಕರೆದ ಹಾಗೆ.
ಅದಕ್ಕೇ ಕೆಳಗಿನ ರಸ್ತೆ. ಇಪ್ಪತ್ತು ನಿಮಿಷ ಜಾಸ್ತಿ.
ಕಂಬದಿಂದ ಕಂಬಕ್ಕೆ, ನೆರಳು ಬಿಡದೆ.
ಹೀಗೆ ಗೋಡೆ ಸವರಿಕೊಂಡು ಓಡುವುದಕ್ಕೆ
ಗ್ರೀಕಿನದೊಂದು ಉದ್ದ ಪದವಿದೆ ನಮ್ಮಲ್ಲಿ.
ಬರೆಯಲು ಬರುತ್ತದೆ ನನಗೆ, ಉಚ್ಚರಿಸಲು ಬಾರದು.

ನೆತ್ತಿಯಲ್ಲಿ ಅಕ್ಕಿಕಾಳಿನಷ್ಟು ನಳಿಗೆ.
ಸೀಸೆಗಳ ಮೇಲೆ ಕ, ಖ ಎಂದಷ್ಟೇ.
ಒಂದರಲ್ಲಿ ಮೂವತ್ತಾರು ಮಣಿ, ಇನ್ನೊಂದರಲ್ಲಿ ಬರೀ ಉಪ್ಪುನೀರು.
ಯಾವುದು ಯಾವುದೆಂದು ಎಣಿಸುವವಳಿಗೆ ತಿಳಿಯಬಾರದು.
ಒಂದು ಇಳಿದ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಬೇಕು ಹಲಗೆ,
ಒಂದರ ಅಂಜಿಕೆ ಇನ್ನೊಂದಕ್ಕೆ ತಾಗದ ಹಾಗೆ.

ಹದಿನೇಳನೆಯದು
ನಡುವಿನ ಚೌಕದಲ್ಲಿ ನಿಂತಿತು. ಮೀಸೆ ಆಡಿಸಿತು.
ಹೊರಟೇಬಿಟ್ಟಿತು, ತುದಿಯವರೆಗೆ.
ಅಂಚಿನಿಂದ ಕತ್ತು ಚಾಚಿ ಕೆಳಗೆ ಇಣುಕಿ
ಅಲ್ಲೇ ಕೂತು ಮುಖ ತೊಳೆಯತೊಡಗಿತು
ಬೀದಿ ನಲ್ಲಿಯ ಮುಂದೆ ಕೂತವಳಂತೆ, ಎರಡೂ ಕೈಯಲ್ಲಿ.
ನೂರ ಎಂಬತ್ತೆರಡು ಸೆಕೆಂಡು.
ಗುಂಡಿ ಒತ್ತಿ ಹಿಡಿದ ಹೆಬ್ಬೆರಳು ನೋಯಿತು.
ಇದು ಖ, ಎಂದುಕೊಂಡೆ. ಮಣಿ ಇರುವುದು ಖ-ದಲ್ಲೇ.
ಅದರಿಂದ ಸೂಜಿಮೊನೆಯಷ್ಟು
ಮನಸ್ಸಿನಲ್ಲೇ ಕದ್ದೆ.

ಗುಟ್ಟು ಒಡೆಯಲು ತಿಂಗಳು ಹಿಡಿಯಿತು.
ಮಣಿ ಕೆಲಸ ಮಾಡಿತ್ತು, ಸರಾಸರಿಯಲ್ಲಿ.
ಮೇಡಂ ಎಲ್ಲರಿಗೂ ಬಾದಾಮಿ ಹಾಲು ತರಿಸಿದರು.
ಮಿದುಳಲ್ಲಿ ಭಯ ಕೂತಿರುವ ಗಂಟಿಗೂ ಬಾದಾಮಿಯದೇ ಹೆಸರು ಎಂದಾಗ
ಗೌಸ್‌ಪೀರ್ ಲೋಟ ಕೆಳಗಿಟ್ಟು ಕಿವಿಯ ಮೇಲೆ ಮುಟ್ಟಿಕೊಂಡ.
ಪಟ್ಟಿಯಲ್ಲಿ ಬೆರಳಾಡಿಸಿದೆ.
ಹದಿನೇಳರ ಎದುರು, ಕ.
ಉಪ್ಪುನೀರು.

ಹಾಗೊಂದು ಇದ್ದೇ ಇರುತ್ತೆ, ಎಂದರು ಮೇಡಂ,
ನಕ್ಷೆಯಲ್ಲಿ ಎಲ್ಲರಿಂದ ದೂರ ಒಂದು ಚುಕ್ಕಿ.
ಅಷ್ಟರಲ್ಲಿ ಇಲಿ ಇರಲಿಲ್ಲ. ಅದರ ಮಿದುಳು
ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ, ಗಾಜಿನ ಮೇಲೆ,
ತಣ್ಣನೆ ಪೆಟ್ಟಿಗೆಯಲ್ಲಿ.
ಅಂಚಿನಿಂದ ಇಣುಕಿ ಅದು ಏನು ನೋಡಿತು
ಎಂದು ಯಾರನ್ನು ಕೇಳುವುದು?

ಆರೂವರೆ. ಹೆಬ್ಬಾಳ.
ಎಡಕ್ಕೆ ಕೆಳಗಿನ ರಸ್ತೆ, ನೇರಕ್ಕೆ ಏರು.
ಇಂಡಿಕೇಟರು ಎಡಕ್ಕೇ ಹಾಕಿದ್ದೇನೆ, ಅಭ್ಯಾಸ.
ತುಟಿಯ ಮೇಲೆ ಬೆವರು. ನೆಕ್ಕಿದೆ. ಉಪ್ಪು.
ಹಿಂದಿನ ಟೆಂಪೋದವನು ಹಾರ್ನು ಬಿಡುತ್ತಿಲ್ಲ.
ಎಣಿಸುವವರು ಯಾರಾದರೂ ಇದ್ದರೆ ಬರೆದುಕೊಳ್ಳಿ,
ನಡುವಿನ ಚೌಕ,
ಹನ್ನೆರಡು ಸೆಕೆಂಡು.